ವಿವಾಹವಿಚ್ಛೇದನ: ಗೃಹಸ್ಥರು ಅರಿತಿರಬೇಕಾದ ವಿಚಾರ

ವಿವಾಹವು ನಮ್ಮಲ್ಲಿ ಅಗ್ನಿಸಾಕ್ಷಿಯಾಗಿ ನಡೆಯುವ ಸಂಸ್ಕಾರ. ಅದನ್ನು ಬಿಡಿಸುವ ಮಾತನ್ನು ಮನೆಯೊಳಗೆ ಎತ್ತುವುದೇ ಅಮಂಗಳವೆಂದು ಭಾವಿಸುವವರು ಅನೇಕರು. ಆದರೆ ರೋಗದ ಹೆಸರನ್ನು ಉಚ್ಚರಿಸದ ಮಾತ್ರಕ್ಕೆ ರೋಗವು ಬಾರದಿರುವುದೆ? ಹಿರಿಯರ ಮುಂದೆ ಛಾಪಾಕಾಗದದ ಮೇಲೆ ರುಜು ಹಾಕಿಸಿ ಮಗಳನ್ನು ತೌರಿಗೆ ಕಳುಹಿಸಿದರೆ ಸಂಬಂಧವು ಹರಿಯಿತೆಂದು ನಂಬುವ ಕುಟುಂಬಗಳು ಈಗಲೂ ಇವೆ. ಈ ಅಜ್ಞಾನದ ಫಲವನ್ನು ಉಣ್ಣುವವಳು ಆ ಮಗಳು. ಆದಕಾರಣ ಹಿಂದೂ ದಂಪತಿಗಳಿಗೆ ಅನ್ವಯಿಸುವ ಕಾನೂನಿನ ಸಾರವನ್ನು ಇಲ್ಲಿ ನಿರೂಪಿಸುವೆನು.

ವಿಚ್ಛೇದನವು ಪಾಶ್ಚಾತ್ಯರಿಂದ ಬಂದ ಪಿಡುಗೆಂಬ ಮಾತು ಪೂರ್ಣಸತ್ಯವಲ್ಲ. ಪತಿಯು ಕಾಣೆಯಾದಾಗ, ಮೃತನಾದಾಗ, ಸಂನ್ಯಾಸಿಯಾದಾಗ, ಕ್ಲೀಬನಾದಾಗ, ಪತಿತನಾದಾಗ ಸ್ತ್ರೀಗೆ ಅನ್ಯಪತಿಯುಂಟೆಂದು ನಾರದ ಪರಾಶರ ಸ್ಮೃತಿಗಳು ಹೇಳಿವೆ. ಪರಸ್ಪರ ದ್ವೇಷದಿಂದ 'ಮೋಕ್ಷ'ವುಂಟೆಂದು ಕೌಟಿಲ್ಯನೂ ಒಪ್ಪಿರುವನು. ಧರ್ಮವಿವಾಹಗಳಿಗೆ ಮಾತ್ರ ಅದು ಸಲ್ಲದೆಂದನು. ಧಾರವಾಡ ಬೆಳಗಾವಿಗಳನ್ನೊಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೇ ಹಿಂದೂ ವಿಚ್ಛೇದನದ ಕಾಯಿದೆಯಾಯಿತು. ಆ ಬಳಿಕ ಬಂದುದು 1955ರ ಹಿಂದೂ ವಿವಾಹ ಕಾಯಿದೆ. ಜೈನ, ಬೌದ್ಧ, ಸಿಖ್ಖರೂ ಇದಕ್ಕೆ ಒಳಪಟ್ಟವರು.

ಈ ಕಾಯಿದೆಯ 13ನೆಯ ಕಲಮು ವಿಚ್ಛೇದನದ ಕಾರಣಗಳನ್ನು ಎಣಿಸುತ್ತದೆ. ವ್ಯಭಿಚಾರ, ದೇಹಕ್ಕಾಗಲಿ ಮನಸ್ಸಿಗಾಗಲಿ ಮಾಡಿದ ಕ್ರೌರ್ಯ, ಎಡೆಬಿಡದೆ 2 ವರ್ಷಗಳ ಪರಿತ್ಯಾಗ, ಮತಾಂತರ, ಸಹಜೀವನವನ್ನು ಅಸಾಧ್ಯವಾಗಿಸುವ ತೀವ್ರ ಮನೋರೋಗ, ಅಂಟುವ ಗುಹ್ಯರೋಗ, ಸಂನ್ಯಾಸ, 7 ವರ್ಷಗಳ ಕಾಲ ಬದುಕಿರುವ ಸುದ್ದಿಯೇ ಇಲ್ಲದಿರುವುದು. ಕುಷ್ಠರೋಗವನ್ನು 2019ರಲ್ಲಿ ಈ ಪಟ್ಟಿಯಿಂದ ತೆಗೆದುಹಾಕಿದರು. 15 ವರ್ಷ ತುಂಬುವ ಮೊದಲು ಮದುವೆಯಾದ ಹುಡುಗಿಯು, 15 ತುಂಬಿದ ಮೇಲೆ 18 ತುಂಬುವುದರೊಳಗೆ ಅದನ್ನು ನಿರಾಕರಿಸಿದ್ದರೆ, ಅದೂ ಅವಳಿಗೆ ಒಂದು ಕಾರಣವಾಗುವುದು.

1976ರ ತಿದ್ದುಪಡಿಯಿಂದ ಉಭಯರ ಸಮ್ಮತಿಯ ಮಾರ್ಗವೂ ತೆರೆಯಿತು. ಒಂದು ವರ್ಷವಾದರೂ ಬೇರೆಯಾಗಿ ಬಾಳಿದ ದಂಪತಿಗಳು ಜೊತೆಯಾಗಿ ಅರ್ಜಿ ಕೊಟ್ಟು, 6 ತಿಂಗಳ ಮೇಲೆ, 18 ತಿಂಗಳೊಳಗೆ, ತಮ್ಮ ಸಂಕಲ್ಪವನ್ನು ಪುನಃ ತಿಳಿಸಬೇಕು. ತಕ್ಕ ಸಂದರ್ಭಗಳಲ್ಲಿ ಆ 6 ತಿಂಗಳ ಅವಧಿಯನ್ನು ನ್ಯಾಯಾಲಯವು ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು.

ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದೆಡೆ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸತಕ್ಕದ್ದು. ಅಸಾಧಾರಣ ಕಷ್ಟವಿದ್ದ ಹೊರತು ಮದುವೆಯಾಗಿ ಒಂದು ವರ್ಷದೊಳಗೆ ಅರ್ಜಿಯು ಸಲ್ಲದು. ಅರ್ಜಿದಾರಳು ಪತ್ನಿಯಾದರೆ, ತಾನು ವಾಸವಾಗಿರುವ ಊರಿನ ನ್ಯಾಯಾಲಯಕ್ಕೇ ಹೋಗಬಹುದು. ಇಂತಹ ವಿಚಾರಣೆಯು ಮುಚ್ಚಿದ ಬಾಗಿಲೊಳಗೆ ನಡೆಯುವುದಾದ್ದರಿಂದ, ಮಾನಕ್ಕೆ ಅಂಜುವವರು ಹಿಂಜರಿಯಬೇಕಾಗಿಲ್ಲ. ಸಂಧಾನಕ್ಕೆ ಎಡೆಯಿದ್ದರೆ ನ್ಯಾಯಾಧೀಶರು ಮೊದಲು ಅದನ್ನೇ ಯತ್ನಿಸುವರು. ಮೊಕದ್ದಮೆಯು ಮುಗಿಯುವ ಮೊದಲೇ ಜೀವನಾಂಶವನ್ನೂ ಮಕ್ಕಳ ಪಾಲನೆಯ ವ್ಯವಸ್ಥೆಯನ್ನೂ ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸ್ತ್ರೀಯರು ಹಿಂದೆ ಸರಿಯಬಾರದು. ಆದಾಯವೆಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಅವರಿಗೆ ಉಚಿತ ನೆರವುಂಟು.

ಇನ್ನು ಛಾಪಾಕಾಗದದ ವಿಷಯ. ತಮ್ಮ ಸಮುದಾಯದಲ್ಲಿ ಬಿಡುಗಡೆಯ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆಯೆಂದು ಸಿದ್ಧಪಡಿಸಬಲ್ಲವರಿಗೆ ಕಾನೂನು ಅದನ್ನು ಮನ್ನಿಸುತ್ತದೆ. ಮಿಕ್ಕವರಿಗೆ ಆ ಬರಹವು ಬರಿಯ ಕಾಗದವೇ. ಅದನ್ನು ನಂಬಿ ಮಾಡಿದ ಎರಡನೆಯ ಮದುವೆಯು ಅಸಿಂಧು. ಹಾಗೆ ಮದುವೆಯಾದವರು ದಂಡನೆಗೂ ಗುರಿಯಾಗಬಹುದು. ನ್ಯಾಯಾಲಯದ ಡಿಕ್ರಿಯು ಬಂದ ಮೇಲೂ ಮೇಲ್ಮನವಿಗೆ 90 ದಿನಗಳ ಅವಕಾಶವಿದೆ; ಅದು ಕಳೆಯುವ ತನಕ, ಮೇಲ್ಮನವಿಯಾಗಿದ್ದರೆ ಅದು ವಜಾ ಆಗುವ ತನಕ, ಮರುಮದುವೆಯ ಮಾತು ಬೇಡ.

ಮನೆ ಒಡೆಯಲೆಂದು ಯಾರೂ ಹಾರೈಸುವುದಿಲ್ಲ. ಕೂಡಿಸುವ ಪ್ರಯತ್ನವೇ ಹಿರಿಯರ ಮೊದಲ ಧರ್ಮ. ಆದರೆ ಪೆಟ್ಟು ತಿಂದು ಬಂದ ಮಗಳಿಗೆ 'ಹೊಂದಿಕೊಂಡು ಹೋಗು' ಎಂದು ಉಪದೇಶಿಸಿ ಹಿಂದಕ್ಕೆ ಅಟ್ಟುವುದು ಧರ್ಮವಲ್ಲ. ಹಾಗೆಯೇ ಊರವರ ಬಾಯಿಗೆ ಅಂಜಿ, ಅವಳನ್ನು ಅತ್ತ ಸುಮಂಗಲಿಯೂ ಅಲ್ಲದೆ ಇತ್ತ ಸ್ವತಂತ್ರಳೂ ಅಲ್ಲದೆ ವರ್ಷಗಟ್ಟಲೆ ಉಳಿಸುವುದೂ ಧರ್ಮವಲ್ಲ. ಗಂಟನ್ನು ಬಿಚ್ಚಲೇಬೇಕಾದರೆ, ಬಿಚ್ಚುವ ಅಧಿಕಾರವುಳ್ಳವರ ಕೈಯಿಂದಲೇ ಬಿಚ್ಚಿಸಿರಿ. ಆ ಡಿಕ್ರಿಯ ನಕಲನ್ನು ಮಗಳ ಕೈಯಲ್ಲಿಯೇ ಕೊಡಿರಿ.