ಹೆಸರಿಗೂ ಒಂದು ದಸ್ತಾವೇಜು ಬೇಕು

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನು ಟ್ರೇಡ್ ಮಾರ್ಕಿನ ವಿಚಾರವನ್ನೆತ್ತುವುದು ಕೆಲವರಿಗೆ ಅಸಂಗತವೆನಿಸೀತು. ಆದರೆ ನನ್ನ ಶಿಷ್ಯರಲ್ಲಿ ಹಲವರು ಇಂದು ಉಪ್ಪಿನಕಾಯಿ, ಮಸಾಲೆಪುಡಿ, ಊದುಬತ್ತಿಗಳ ಸಣ್ಣ ಉದ್ದಿಮೆಗಳನ್ನು ನಡೆಸುತ್ತಿದ್ದಾರೆ. ಸರಕಿಗೆ ಅಚ್ಚಗನ್ನಡದ ಹೆಸರನ್ನಿಟ್ಟಿದ್ದಾರೆ. ಹಿತ್ತಲಿನ ಮೂರು ಸೆಂಟ್ಸ್ ಜಾಗಕ್ಕೆ ದಸ್ತಾವೇಜು ಮಾಡಿಸುವ ನಾವು, ಬೆವರು ಸುರಿಸಿ ಗಳಿಸಿದ ಹೆಸರನ್ನು ಮಾತ್ರ ಬೇಲಿಯಿಲ್ಲದ ಹೊಲದಂತೆ ಬಿಟ್ಟಿದ್ದೇವೆ.

ಕಾಸರಗೋಡಿನವರಿಗೆ ದೂರದ ಉದಾಹರಣೆ ಬೇಡ. ಮಂಗಳೂರು ರಸ್ತೆಯಲ್ಲಿ ಎರಡು ರಾಜ್ಯಗಳ ಬಸ್ಸುಗಳೂ 'ಕೆ.ಎಸ್.ಆರ್.ಟಿ.ಸಿ.' ಎಂಬ ಹೆಸರನ್ನು ಹೊತ್ತು ಓಡಿದ್ದನ್ನು ಕಂಡವರು ನಾವು. ಕೇರಳದ ನಿಗಮವು 1965ರಲ್ಲಿ ಸ್ಥಾಪನೆಯಾಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾದ ಮೇಲೆ ಅಲ್ಲಿನ ನಿಗಮಕ್ಕೂ ಅವೇ ಅಕ್ಷರಗಳು ಬಂದವು. ಕರ್ನಾಟಕವು 2013ರಲ್ಲಿ ನೋಂದಣಿ ಪಡೆದ ಬಳಿಕ ವಿವಾದ ಹುಟ್ಟಿತು. 2023ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಕೇರಳದ ಅರ್ಜಿಯನ್ನು ವಜಾಗೊಳಿಸಿತು. ಐದು ಅಕ್ಷರಗಳಿಗಾಗಿ ಸರಕಾರಿ ನಿಗಮಗಳೇ ಇಷ್ಟು ವರ್ಷ ಹೋರಾಡಿದವೆಂದರೆ ಹೆಸರಿನ ಬೆಲೆ ಎಷ್ಟೆಂದು ಊಹಿಸಬಹುದು.

ಈಗ ಜಾರಿಯಲ್ಲಿರುವುದು 1999ರ ಕಾಯಿದೆ. ಅದು 2003ರ ಸೆಪ್ಟೆಂಬರ್ 15ರಿಂದ ಆಚರಣೆಗೆ ಬಂದಿತು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಉಪ್ಪಿನಕಾಯಿ 29ನೆಯದು, ಮಸಾಲೆ ಮತ್ತು ಕಾಫಿ 30ನೆಯದು, ಊದುಬತ್ತಿ 3ನೆಯದು. ಕೇರಳದವರಿಗೆ ಸಂಬಂಧಿಸಿದ ಕಚೇರಿ ಚೆನ್ನೈಯಲ್ಲಿದೆಯಾದರೂ ಅರ್ಜಿಯನ್ನು ಮನೆಯಿಂದಲೇ ಗಣಕಯಂತ್ರದ ಮೂಲಕ ಸಲ್ಲಿಸಬಹುದು. ಆಗ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ವರ್ಗವೊಂದಕ್ಕೆ 4,500 ರೂಪಾಯಿ ಶುಲ್ಕ.

ಕನ್ನಡ ಲಿಪಿಯ ಹೆಸರನ್ನು ನೋಂದಾಯಿಸಲಾಗದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಕಾನೂನಿನಲ್ಲಿ ಅಂಥ ತಡೆಯಿಲ್ಲ. ಕನ್ನಡದ ಪದವನ್ನು ಇಂಗ್ಲಿಷ್ ಅಥವಾ ಹಿಂದಿಯ ಅಕ್ಷರಗಳಲ್ಲಿ ಬರೆದು, ಅದರ ಅರ್ಥವನ್ನೂ ಭಾಷೆಯ ಹೆಸರನ್ನೂ ಅರ್ಜಿಯಲ್ಲಿ ತಿಳಿಸಿದರೆ ಸಾಕು. ಆದರೆ ಹೆಸರು ವಿಶಿಷ್ಟವಾಗಿರಬೇಕು. 'ರುಚಿಯಾದ ಉಪ್ಪಿನಕಾಯಿ' ಎಂಬುದು ಸರಕಿನ ಗುಣವನ್ನಷ್ಟೇ ಹೇಳುವ ಮಾತು. ಅದನ್ನು ಒಬ್ಬರ ಸ್ವತ್ತಾಗಿಸಲು ಕಾಯಿದೆ ಸಾಮಾನ್ಯವಾಗಿ ಒಪ್ಪದು.

ಕಚೇರಿಯ ಪರಿಶೀಲನೆ ಮುಗಿದ ಮೇಲೆ ಹೆಸರು ಟ್ರೇಡ್ ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರೂ ಆಕ್ಷೇಪವೆತ್ತದಿದ್ದರೆ ನೋಂದಣಿಯಾಗುತ್ತದೆ. ಅದರ ಅವಧಿ ಅರ್ಜಿಯ ದಿನದಿಂದ ಹತ್ತು ವರ್ಷ; ಬಳಿಕ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ನೋಂದಣಿಯಾಗುವ ಮೊದಲೇ ವೃತ್ತದೊಳಗೆ 'ಆರ್' ಅಕ್ಷರವನ್ನು ಮುದ್ರಿಸಿಕೊಳ್ಳುವುದು ಕಾಯಿದೆಗೆ ವಿರುದ್ಧವೆಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಬೇರೊಬ್ಬರು ಮೊದಲು ನೋಂದಾಯಿಸಿದರೂ, ಅವರಿಗಿಂತ ಮುಂಚಿನಿಂದ ಆ ಹೆಸರನ್ನು ಎಡೆಬಿಡದೆ ಬಳಸಿದವರ ಹಕ್ಕನ್ನು ಕಾನೂನು ಕಾಪಾಡುತ್ತದೆ. ಆದರೆ ಅದಕ್ಕೆ ಬಾಯಿಮಾತು ಸಾಲದು, ಆಧಾರ ಬೇಕು. ಹಳೆಯ ಬಿಲ್ಲು, ಚೀಟಿ, ಜಾಹೀರಾತುಗಳನ್ನು ಒಲೆಗೆ ಹಾಕದೆ ಕಾಲಾನುಕ್ರಮದಲ್ಲಿ ಜೋಡಿಸಿಡಿರಿ.

ದೂರದ ನಗರಗಳಲ್ಲಿ ಉದ್ಯೋಗದಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ರಜೆಯಲ್ಲಿ ಊರಿಗೆ ಬಂದಾಗ, ಉದ್ದಿಮೆ ನಡೆಸುವ ನೆರೆಮನೆಯ ತಾಯಿಯೊಬ್ಬರಿಗೆ ಈ ಅರ್ಜಿಯನ್ನು ತುಂಬಿಸಿಕೊಡಿರಿ. ಗಡಿನಾಡಿನ ಅಂಗಡಿಯ ಡಬ್ಬಿಯ ಮೇಲೆ ಕನ್ನಡದ ಹೆಸರೊಂದು ಹಕ್ಕಿನಿಂದ ಉಳಿದರೆ, ಈ ಶಾಲೆಯು ಕಲಿಸಿದ ಅಕ್ಷರಗಳ ಋಣ ಅಷ್ಟಾದರೂ ಸಂದೀತು.