ಕಾಫಿ ಅಂಗಡಿಯಲ್ಲಿ ಸಿನಿಮಾ ಮಂದಿರದ ಕಹಳೆ

ಸಂಗೀತ ಕೇಳುವುದಕ್ಕೆಂದೇ ಊರೂರು ಅಲೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಡಿಸೆಂಬರಿನಲ್ಲಿ ಚೆನ್ನೈಗೆ ಹೋಗುವವರು ಕಛೇರಿ ಕೇಳಲು ಹೋಗುತ್ತಾರೆ. ವಿಯೆನ್ನಾಕ್ಕೆ ಹೋಗುವವರು ವಾದ್ಯವೃಂದ ಕೇಳಲು. ಆದರೆ ಹಾಡುಗಾರರಿಲ್ಲದ, ವಾದ್ಯಗಾರರಿಲ್ಲದ ಕೋಣೆಗಳನ್ನು ಹುಡುಕಿಕೊಂಡು, ಬರೀ ಸ್ಪೀಕರುಗಳ ಮುಂದೆ ಕೂರುವುದಕ್ಕಾಗಿ ಸಾವಿರಾರು ಮೈಲಿ ಪ್ರಯಾಣ ಮಾಡುವವರೂ ಇದ್ದಾರೆ. ಅವರ ಯಾತ್ರಾಸ್ಥಳ ಜಪಾನ್.

ಯುರೋಪು, ಅಮೆರಿಕಗಳಿಂದ ಹೀಗೆ ಹೋಗುವ ಆಡಿಯೊ ರಸಿಕರಿಗೆ ಅಲ್ಲಿ ಎರಡು ಅಚ್ಚರಿಗಳು ಎದುರಾಗುತ್ತವೆ. ಅತ್ಯುತ್ತಮ ಸ್ಪೀಕರುಗಳು ಸಿರಿವಂತರ ಬಂಗಲೆಗಳಲ್ಲಿ ಮಾತ್ರವಲ್ಲದೆ ಗಲ್ಲಿಯೊಳಗಿನ ಸಣ್ಣ ಕಾಫಿ ಅಂಗಡಿಗಳಲ್ಲೂ ಇರುತ್ತವೆ ಎನ್ನುವುದು ಮೊದಲನೆಯದು. ಸೋನಿ, ಯಮಾಹಾ, ಪಯೋನಿಯರ್ ಹುಟ್ಟಿದ ಆ ನಾಡಿನಲ್ಲಿ ಬಹಳ ಮಂದಿ ತಲೆಬಾಗುವುದು ಅಮೆರಿಕದ ಹಳೆಯ ಸಿನಿಮಾ ಮಂದಿರಗಳ ಕಹಳೆಗಳಿಗೆ ಎನ್ನುವುದು ಎರಡನೆಯದು. ಹೀಗೇಕಾಯಿತು? ಉತ್ತರ ಹುಡುಕಹೊರಟರೆ ತಂತ್ರಜ್ಞಾನಕ್ಕಿಂತ ಮೊದಲು ಜಪಾನಿನ ಮನೆಗಳ ಗೋಡೆಗಳನ್ನೂ ಜನರ ಜೇಬುಗಳನ್ನೂ ನೋಡಬೇಕಾಗುತ್ತದೆ.

ಮಾತನಾಡಬಾರದ ಅಂಗಡಿ

ಟೋಕಿಯೊದ ಷಿಬುಯಾದಲ್ಲಿ, ದೋಗೆನ್‌ಜಾಕಾ ಏರಿನ ಬಳಿಯ ಗಲ್ಲಿಯೊಂದರಲ್ಲಿ ‘ಲಯನ್’ ಎಂಬ ಅಂಗಡಿಯಿದೆ. ಆರಂಭವಾದದ್ದು 1926ರಲ್ಲಿ, ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ 1950ರಲ್ಲಿ ಮತ್ತೆ ಎದ್ದು ನಿಂತಿತು. ಒಳಗೆ ಕುರ್ಚಿಗಳೆಲ್ಲ ರೈಲು ಬೋಗಿಯಲ್ಲಿರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿವೆ. ಎದುರಿಗೆ, ಗುಡಿಯಲ್ಲಿ ಮೂರ್ತಿಯಿರುವ ಜಾಗದಲ್ಲಿ, ಗೋಡೆಯನ್ನೇ ತುಂಬಿದ ಮರದ ಸ್ಪೀಕರುಗಳು. ಬೀಥೋವನ್ ನಡೆಯುತ್ತಿರುವಾಗ ಮಾತನಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಒಂದು ಕಾಫಿ ತರಿಸಿಕೊಂಡು ಕೂತವನನ್ನು ಏಳು ಎನ್ನುವವರೂ ಇಲ್ಲ.

ಇಂಥ ಅಂಗಡಿಗಳಿಗೆ ‘ಕಿಸ್ಸಾ’ ಎಂದು ಹೆಸರು. ಆ ಪದದ ನೇರ ಅರ್ಥ ಚಹಾ ಕುಡಿಯುವುದು ಎಂದಷ್ಟೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸುವುದು ‘ಮೇಯ್‌ಕ್ಯೊಕು ಕಿಸ್ಸಾ’, ಜಾಜ್ ಕೇಳಿಸುವುದು ‘ಜಾಜ್ ಕಿಸ್ಸಾ’. ಗಿರಾಕಿ ಕೊಡುವ ಹಣ ಲೆಕ್ಕಕ್ಕೆ ಕಾಫಿಯದು. ನಿಜವಾಗಿ ಅದು ಕೂತು ಕೇಳಿದ ಹೊತ್ತಿನ ಬಾಡಿಗೆ.

ಈ ಏರ್ಪಾಡು ಹುಟ್ಟಿದ್ದು ಬಡತನದಿಂದ. ಆಮದಾದ ಗ್ರಾಮಫೋನ್ ತಟ್ಟೆಗಳ ಬೆಲೆ ವಿದ್ಯಾರ್ಥಿಗಳಿಗಾಗಲೀ ಸಣ್ಣ ಸಂಬಳದ ಗುಮಾಸ್ತರಿಗಾಗಲೀ ಎಟುಕುತ್ತಿರಲಿಲ್ಲ. ತಟ್ಟೆ ಕೊಂಡರೂ ಅದನ್ನು ಕೇಳುವ ಜಾಗವೆಲ್ಲಿ? ಆರು ಚಾಪೆಯ ಕೋಣೆಯೆಂದರೆ ಸುಮಾರು 10 ಚದರ ಮೀಟರು. ಮರ ಮತ್ತು ಕಾಗದದ ತೆಳುಗೋಡೆಗಳ ಆಚೆ ನೆರೆಮನೆಯವರು ಮಲಗಿರುತ್ತಾರೆ. ಹೀಗಾಗಿ ಒಬ್ಬ ಸಾಲಸೋಲ ಮಾಡಿ ಒಳ್ಳೆಯ ತಟ್ಟೆಗಳನ್ನೂ ದೊಡ್ಡ ಯಂತ್ರವನ್ನೂ ತಂದಿಟ್ಟ. ನೂರು ಜನ ಒಂದೊಂದು ಕಾಫಿ ಕುಡಿದು ಅದರ ಖರ್ಚು ಹಂಚಿಕೊಂಡರು. ಒಬ್ಬರಿಂದ ಆಗದ್ದನ್ನು ಊರು ಕೂಡಿ ಮಾಡಿದಂತೆ.

ಯೊಕೊಹಾಮಾದ ನೊಗೆ ಪ್ರದೇಶದ ‘ಚಿಗುಸಾ’ ಇದೇ ಸಾಲಿಗೆ ಸೇರಿದ್ದು. ಮಾಮೊರು ಯೊಷಿದಾ ಅದನ್ನು ತೆರೆದದ್ದು 1933ರಲ್ಲಿ. 1943ರಲ್ಲಿ ಜಪಾನ್ ಸರ್ಕಾರ ಅಮೆರಿಕ, ಬ್ರಿಟನ್ನಿನ ಸಂಗೀತವನ್ನು ಶತ್ರುಸಂಗೀತವೆಂದು ಘೋಷಿಸಿ ಸುಮಾರು 1,000 ರಚನೆಗಳನ್ನು ನಿಷೇಧಿಸಿತು. ಎರಡು ವರ್ಷದ ಬಳಿಕ, 1945ರಲ್ಲಿ, ಯೊಕೊಹಾಮಾದ ಮೇಲೆ ಬಿದ್ದ ಬೆಂಕಿಯಲ್ಲಿ ಅಂಗಡಿಯೂ ಅಲ್ಲಿ ಕೂಡಿಟ್ಟ ತಟ್ಟೆಗಳೂ ಬೂದಿಯಾದವು. ಯೊಷಿದಾ ಮತ್ತೆ ತಟ್ಟೆಗಳನ್ನು ಕೂಡಿಸಿ ಅಂಗಡಿ ತೆರೆದರು. ಮುಂದೆ ಜಗತ್ತಿನ ಹೆಸರಾಂತ ಜಾಜ್ ಸಂಯೋಜಕಿಯಾದ ತೊಷಿಕೊ ಅಕಿಯೊಷಿ, ಸ್ಯಾಕ್ಸೊಫೋನ್ ವಾದಕ ಸಾದಾವೊ ವಾತಾನಾಬೆ ಮೊದಲಾದವರು ಎಳೆಯ ವಯಸ್ಸಿನಲ್ಲಿ ಇಲ್ಲಿ ಕೂತು, ಸ್ಪೀಕರಿನಿಂದ ಬಂದದ್ದನ್ನು ಕಿವಿಯಿಂದಲೇ ಕಲಿತರು. ಸ್ವರಲಿಪಿಯ ಪುಸ್ತಕಗಳು ಸಿಗದ ಆ ಕಾಲದಲ್ಲಿ ಕಾಫಿ ಅಂಗಡಿಯ ಸ್ಪೀಕರೇ ಅವರಿಗೆ ಗುರುವಾಯಿತು. ಗುರುವಿನ ಮಾತು ಸ್ಪಷ್ಟವಾಗಿರಬೇಕಲ್ಲವೇ? ಒಳ್ಳೆಯ ಸ್ಪೀಕರಿನ ಹಂಬಲಕ್ಕೆ ಬೇರು ಇಲ್ಲಿದೆ.

1961ರಲ್ಲಿ ಆರ್ಟ್ ಬ್ಲೇಕಿಯ ತಂಡ ಜಪಾನಿನಲ್ಲಿ ಕಛೇರಿ ನಡೆಸಿದ ಮೇಲೆ ಜಾಜ್ ಹುಚ್ಚು ಊರೂರಿಗೆ ಹಬ್ಬಿತು, ಅದರ ಜೊತೆಗೆ ಜಾಜ್ ಕಿಸ್ಸಾಗಳೂ. ಕಾದಂಬರಿಕಾರ ಹರುಕಿ ಮುರಕಾಮಿ ಕೂಡ ಬರಹಗಾರನಾಗುವ ಮೊದಲು, 1974ರಿಂದ ಕೆಲವು ವರ್ಷ, ‘ಪೀಟರ್ ಕ್ಯಾಟ್’ ಎಂಬ ಜಾಜ್ ಅಂಗಡಿ ನಡೆಸುತ್ತಿದ್ದವರು.

ಅಂಗೈ ಅಡ್ಡ ಹಿಡಿದು ಕೂಗಿದಂತೆ

ಅಮೆರಿಕದ ಸಿನಿಮಾ ಕಹಳೆಗಳು ಈ ಅಂಗಡಿಗಳಿಗೂ ರಸಿಕರ ಮನೆಗಳಿಗೂ ಬಂದದ್ದೇಕೆ ಎಂದು ತಿಳಿಯಲು ಸ್ಪೀಕರಿನ ಕೆಲಸವನ್ನು ಸ್ವಲ್ಪ ಅರಿಯಬೇಕು. ಒಂದು ಕಾಗದದ ಶಂಕು, ಅದರ ಬುಡದಲ್ಲಿ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಈ ವಿಧಾನವೇ ಇಂದಿನ ಬಹುಪಾಲು ಸ್ಪೀಕರುಗಳಲ್ಲಿದೆ.

ಇದರಲ್ಲಿ ಒಂದು ತೊಡಕಿದೆ. ಗಾಳಿ ತೀರ ಹಗುರ. ಶಂಕುವಿಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಬೀಸಣಿಗೆಯಿಲ್ಲದೆ ಬರಿಗೈಯಲ್ಲಿ ಗಾಳಿ ಬೀಸಿಕೊಂಡಂತೆ ಶ್ರಮವೆಲ್ಲ ವ್ಯರ್ಥ. ಸಾಮಾನ್ಯ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಧ್ವನಿಯಾಗಿ ಹೊರಬರುವುದು ನೂರರಲ್ಲಿ ಒಂದು ಪಾಲಿನ ಆಸುಪಾಸು. ಉಳಿದದ್ದು ಶಾಖವಾಗಿ ಹೋಗುತ್ತದೆ. ಹೊಲದ ಆಚೆಗಿರುವವನನ್ನು ಕರೆಯುವಾಗ ನಾವು ಬಾಯಿಗೆ ಎರಡು ಅಂಗೈ ಅಡ್ಡ ಹಿಡಿಯುತ್ತೇವೆ. ನಾಗಸ್ವರದ ತುದಿ ಹೂವಿನಂತೆ ಅರಳಿರುತ್ತದೆ. ಕಹಳೆಯ ಉಪಾಯವೂ ಇದೇ. ಅದರ ಕಿರಿದಾದ ಕತ್ತಿನಲ್ಲಿ ಸಿಕ್ಕಿಕೊಂಡ ಗಾಳಿ ಸ್ಪೀಕರಿನ ಪೊರೆಗೆ ಎದುರು ಒತ್ತುತ್ತದೆ. ಹೀಗೆ ಪೊರೆಗೆ ಗಾಳಿಯ ಮೇಲೆ ಹಿಡಿತ ದೊರೆಯುತ್ತದೆ. ಕಹಳೆ ಹಂತಹಂತವಾಗಿ ಅರಳಿದಂತೆ ಆ ಒತ್ತಡ ಹೊರಗಿನ ಗಾಳಿಗೆ ದಾಟುತ್ತದೆ. ಚೆನ್ನಾಗಿ ಮಾಡಿದ ಕಹಳೆ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾಲನ್ನು ಧ್ವನಿಯಾಗಿಸಬಲ್ಲದು.

ಮಾತಿನ ಚಿತ್ರಗಳು ಬಂದ 1920ರ ದಶಕದ ಕೊನೆಯಲ್ಲಿ ವಾಲ್ವ್ ಆಂಪ್ಲಿಫೈಯರುಗಳು ಕೊಡುತ್ತಿದ್ದದ್ದು ಕೆಲವೇ ವಾಟ್. ಅಷ್ಟರಲ್ಲೇ ಸಾವಿರ ಜನರ ಸಭಾಂಗಣ ತುಂಬಬೇಕಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಅದಕ್ಕಾಗಿ ಆಳೆತ್ತರದ, ಬಸವನಹುಳುವಿನಂತೆ ಸುರುಳಿಸುತ್ತಿದ ಕಹಳೆಗಳನ್ನು ಮಾಡಿತು. ಮುಂದೆ ಟ್ರಾನ್ಸಿಸ್ಟರ್ ಬಂದು ವಾಟುಗಳು ಅಗ್ಗವಾದವು. ಶಕ್ತಿ ಪೋಲಾದರೂ ಚಿಂತೆಯಿಲ್ಲವೆಂದಾದಾಗ ಕಹಳೆಗಳು ಗುಜರಿಗೆ ಬಿದ್ದವು, ವಾಲ್ವುಗಳು ಮೂಲೆ ಸೇರಿದವು. 1970ರ ದಶಕದಿಂದ ಅವುಗಳನ್ನು ಹುಡುಕಿ ಕೊಂಡು ಹಡಗಿನಲ್ಲಿ ತರಿಸಿಕೊಂಡವರಲ್ಲಿ ಜಪಾನೀಯರು ಮುಂದಿದ್ದರು.

ಇದು ಹಳತರ ಮೇಲಿನ ಬರಿಯ ಮೋಹವಲ್ಲ. 1938ರ ‘300ಬಿ’ ಎಂಬ ಒಂದೇ ವಾಲ್ವ್ ಸುಮಾರು 8 ವಾಟ್ ಕೊಡುತ್ತದೆ. ಕಹಳೆಗೆ ಅಷ್ಟು ಸಾಕಷ್ಟಾಯಿತು. ಪೊರೆ ಹೆಚ್ಚು ಅಲುಗಬೇಕಿಲ್ಲದ್ದರಿಂದ ಧ್ವನಿ ಕದಡುವುದು ಕಡಿಮೆ; ಪಿಸುಮಾತಿನಿಂದ ತಮ್ಮಟೆಯ ಪೆಟ್ಟಿನವರೆಗೆ ಏರಿಳಿತಗಳು ಜೀವಂತವಾಗಿ ಬರುತ್ತವೆ. ಆದರೆ ಕಹಳೆಯ ದೋಷಗಳೂ ಸಣ್ಣವಲ್ಲ. ಆಕಾರ ತಪ್ಪಿದರೆ ತಗಡಿನ ಡಬ್ಬಿಯೊಳಗೆ ಮಾತನಾಡಿದಂತಾಗುತ್ತದೆ. ಮಂದ್ರ ಸ್ವರಗಳಿಗಂತೂ ವಿಪರೀತ ಜಾಗ ಬೇಕು. ಸೆಕೆಂಡಿಗೆ 50 ಕಂಪನಗಳ ಧ್ವನಿಯ ಒಂದು ಅಲೆಯ ಉದ್ದ ಸುಮಾರು 7 ಮೀಟರು. ಅದನ್ನು ಸರಿಯಾಗಿ ಹೊರಡಿಸುವ ಕಹಳೆಯ ಬಾಯಿಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಕೆಲವು ಜಪಾನಿ ರಸಿಕರು ಮನೆ ಕಟ್ಟಿಸುವಾಗಲೇ ಗೋಡೆಯೊಳಗೆ ಕಾಂಕ್ರೀಟಿನ ಕಹಳೆ ಕಟ್ಟಿಸಿಕೊಂಡದ್ದು ಈ ಲೆಕ್ಕದಿಂದಲೇ.

ಅಕಿಹಬಾರಾದ ಬಿಡಿಭಾಗಗಳು

ಹಾಗಾದರೆ ಜಪಾನೀಯರು ತಾವೇ ಏನನ್ನೂ ಮಾಡಲಿಲ್ಲವೇ? ಧಾರಾಳವಾಗಿ ಮಾಡಿದರು. ಯುದ್ಧ ಮುಗಿದ ಮೇಲೆ ಟೋಕಿಯೊದ ಬೀದಿ ಬದಿಯಲ್ಲಿ ಸೈನ್ಯದ ಹಳೆಯ ವಾಲ್ವು, ತಂತಿ, ರೇಡಿಯೊ ಭಾಗಗಳ ಸಂತೆ ನೆರೆಯಿತು. ತಾಂತ್ರಿಕ ಶಾಲೆಯ ಹುಡುಗರು ರೇಡಿಯೊ ಜೋಡಿಸಿ ಮಾರಿ ಹೊಟ್ಟೆ ಹೊರೆದರು. 1949ರಲ್ಲಿ ಬೀದಿ ಅಂಗಡಿಗಳನ್ನು ಎತ್ತಿಸಿದಾಗ ಅವು ಅಕಿಹಬಾರಾದ ರೈಲು ಸೇತುವೆಯ ಕೆಳಗೆ ಸೇರಿಕೊಂಡವು. ಆ ಹೆಸರು ವಿದ್ಯುತ್ ಸಾಮಾನಿಗೆ ಪರ್ಯಾಯವಾಯಿತು.

ಅಲ್ಲಿಂದ ಬೆಳೆದದ್ದು ಕೈಯಾರೆ ಕಟ್ಟುವವರ ಒಂದು ದೊಡ್ಡ ಬಳಗ. ತೆತ್ಸುವೊ ನಾಗಾವೊಕಾ (1926–2000) ಎಂಬ ವಿಮರ್ಶಕರು ಪ್ಲೈವುಡ್ ಹಲಗೆಗಳಿಂದ ಸ್ಪೀಕರ್ ಪೆಟ್ಟಿಗೆ ಮಾಡುವ ನಕ್ಷೆಗಳನ್ನು ಒಂದಾದ ಮೇಲೊಂದರಂತೆ ಪ್ರಕಟಿಸಿದರು. ಹತ್ತು ಸೆಂಟಿಮೀಟರಿನ ಒಂದೇ ಸ್ಪೀಕರು, ಅದರ ಹಿಂದೆ ಮಡಚಿದ ಮರದ ಕಹಳೆ, ಮೇಲೆ ನೀಳವಾದ ಕತ್ತು: ಅವರ ‘ಹಂಸ’ ಎಂಬ ನಕ್ಷೆಯನ್ನು ಕಂಡವರು ಅದನ್ನು ಮರೆಯುವಂತಿಲ್ಲ. ಗರಗಸ, ಅಂಟು ಮತ್ತು ರಜಾದಿನ ಇದ್ದವನು ಅದನ್ನು ಮನೆಯಲ್ಲೇ ಮಾಡಬಹುದಿತ್ತು.

ದೊಡ್ಡ ಕಾರ್ಖಾನೆಗಳೂ ಹಿಂದೆ ಬೀಳಲಿಲ್ಲ. ಮಿತ್ಸುಬಿಷಿ ಕಂಪನಿ ‘ಡಯಾಟೋನ್’ ಹೆಸರಿನಲ್ಲಿ ಜಪಾನ್ ಬಾನುಲಿಗಾಗಿ ಮಾಡಿದ ಸ್ಪೀಕರು ದಶಕಗಳ ಕಾಲ ಸ್ಟುಡಿಯೊಗಳಲ್ಲಿ ಅಳತೆಗೋಲಾಯಿತು. ಯಮಾಹಾ 1974ರಲ್ಲಿ ‘ಎನ್‌ಎಸ್-1000ಎಂ’ ತಂದಿತು. ಅದರ ಮಧ್ಯ ಮತ್ತು ತಾರ ಸ್ವರಗಳ ಗುಮ್ಮಟಗಳು ಬೆರಿಲಿಯಂ ಎಂಬ ಲೋಹದವು. ಅಲ್ಯೂಮಿನಿಯಂಗಿಂತ ಹಗುರ, ಉಕ್ಕಿಗಿಂತ ಬಿರುಸು. ಆದರೆ ಸುಲಭವಾಗಿ ಒಡೆಯುವ, ಪುಡಿ ಶ್ವಾಸಕೋಶಕ್ಕೆ ವಿಷವಾಗುವ ಲೋಹ. ನಿರ್ವಾತದಲ್ಲಿ ಅದನ್ನು ಆವಿಯಾಗಿಸಿ ಅಚ್ಚಿನ ಮೇಲೆ ಪದರವಾಗಿ ಕೂರಿಸುವ ವಿಧಾನವನ್ನು ಯಮಾಹಾ ಬಳಸಿತು. ಪಯೋನಿಯರ್ 1975ರಲ್ಲಿ ‘ಟಿಎಡಿ’ ಎಂಬ ವಿಭಾಗ ತೆರೆದು, ಹಿಂದೆ ಜೆಬಿಎಲ್‌ನಲ್ಲಿದ್ದ ಬಾರ್ಟ್ ಲೊಕಾಂತಿಯ ನೆರವಿನಿಂದ ಬೆರಿಲಿಯಂ ಪೊರೆಯ ಕಹಳೆ ಸ್ಪೀಕರುಗಳನ್ನು ರೂಪಿಸಿತು.

ಇಷ್ಟಾದರೂ ಜಾಜ್ ಕಿಸ್ಸಾಗಳ ಅನೇಕ ಮಾಲೀಕರು ಜೆಬಿಎಲ್, ಆಲ್ಟೆಕ್ ಎಂಬ ಅಮೆರಿಕದ ಹೆಸರುಗಳನ್ನು ಬಿಡಲಿಲ್ಲ. ದಿನವಿಡೀ ದೊಡ್ಡ ದನಿಯಲ್ಲಿ ನುಡಿದರೂ ದಣಿಯದ, ಡ್ರಮ್ಮಿನ ಪೆಟ್ಟನ್ನು ಎದೆಗೆ ತಾಗಿಸುವ ಗುಣ ಸಿನಿಮಾ ಮತ್ತು ಸ್ಟುಡಿಯೊಗಳಿಗಾಗಿ ಹುಟ್ಟಿದ ಆ ಸ್ಪೀಕರುಗಳಿಗೆ ಇತ್ತು. ಈ ಬೇಡಿಕೆ ಎಷ್ಟಿತ್ತೆಂದರೆ, 1985ರಲ್ಲಿ ಜೆಬಿಎಲ್ ತನ್ನ ‘ಎವರೆಸ್ಟ್’ ಸ್ಪೀಕರನ್ನು ಮುಖ್ಯವಾಗಿ ಜಪಾನಿನ ಗಿರಾಕಿಗಳನ್ನು ಗಮನದಲ್ಲಿಟ್ಟು ತಯಾರಿಸಿತು.

ಕೋಣೆಯೂ ಒಂದು ವಾದ್ಯ

ಟೋಕಿಯೊದಿಂದ ಉತ್ತರಕ್ಕೆ, ಇವಾತೆ ಪ್ರಾಂತದ ಇಚಿನೊಸೆಕಿ ಎಂಬ ಸಣ್ಣ ಊರಿನಲ್ಲಿ ಷೋಜಿ ಸುಗವಾರಾ 1970ರಲ್ಲಿ ‘ಬೇಸಿ’ ಎಂಬ ಜಾಜ್ ಕಿಸ್ಸಾ ತೆರೆದರು. ಹಳೆಯ ಉಗ್ರಾಣ, ಒಂದು ಜೊತೆ ಜೆಬಿಎಲ್ ಸ್ಪೀಕರು, ತಟ್ಟೆಗಳ ರಾಶಿ. ಸುಗವಾರಾ ವಿದ್ಯಾರ್ಥಿಯಾಗಿದ್ದಾಗ ವಾಸೆದಾ ವಿಶ್ವವಿದ್ಯಾಲಯದ ವಾದ್ಯತಂಡದಲ್ಲಿ ಡ್ರಮ್ ನುಡಿಸಿದವರು. ಯಾರ ಹೆಸರನ್ನು ಅಂಗಡಿಗಿಟ್ಟರೋ ಆ ಕೌಂಟ್ ಬೇಸಿಯೇ ಅಲ್ಲಿಗೆ ಬಂದರು. ‘ಸ್ವಿಫ್ಟಿ’ ಎಂಬ ಅಡ್ಡಹೆಸರನ್ನು ಸುಗವಾರಾ ಅವರಿಗೆ ಕೊಟ್ಟವರೂ ಅವರೇ. ಡ್ರಮ್ ವಾದಕ ಎಲ್ವಿನ್ ಜೋನ್ಸ್ ಅಲ್ಲಿ ನುಡಿಸಿದ್ದುಂಟು. 2020ರಲ್ಲಿ ಈ ಅಂಗಡಿಯ ಮೇಲೆ ಒಂದು ಸಾಕ್ಷ್ಯಚಿತ್ರವೇ ಬಂತು.

ಅಲ್ಲಿನ ಸ್ಪೀಕರುಗಳನ್ನು ಹಣವಿದ್ದ ಯಾರೂ ಕೊಳ್ಳಬಹುದಿತ್ತು. ಆದರೆ ಅದೇ ಉಗ್ರಾಣದಲ್ಲಿ, ಅದೇ ಜೊತೆಯನ್ನು, ಒಬ್ಬನೇ ವ್ಯಕ್ತಿ ದಶಕಗಳ ಕಾಲ ಕಿವಿಗೊಟ್ಟು ತಿದ್ದುತ್ತ ಬಂದದ್ದನ್ನು ಕೊಳ್ಳಲಾಗದು. ಸ್ಪೀಕರು ಎಷ್ಟೇ ಒಳ್ಳೆಯದಾದರೂ ಕೇಳುಗನ ಕಿವಿಗೆ ಬರುವುದು ಅದರ ಧ್ವನಿ ಮತ್ತು ಗೋಡೆ, ಚಾವಣಿ, ನೆಲಗಳಿಂದ ಮರಳಿ ಬಂದ ಧ್ವನಿಗಳ ಬೆರಕೆ. ಮಂದ್ರ ಸ್ವರಗಳಲ್ಲಂತೂ ಕೋಣೆಯದೇ ಯಜಮಾನಿಕೆ. ಕುರ್ಚಿಯನ್ನು ಒಂದು ಮೊಳ ಹಿಂದೆ ಸರಿಸಿದರೂ ಕೆಲವು ಸ್ವರಗಳು ಉಬ್ಬಿ ಕೆಲವು ಅಡಗುತ್ತವೆ. ಹೀಗಾಗಿ ಜಪಾನಿನ ರಸಿಕರು ಯಾವುದೋ ಸ್ಪೀಕರಿನ ಧ್ವನಿ ಎನ್ನುವ ಬದಲು ಇಂಥವರ ಅಂಗಡಿಯ ಧ್ವನಿ ಎಂದು ಗುರುತಿಸುವುದರಲ್ಲಿ ಅರ್ಥವಿದೆ.

ಈ ಶ್ರದ್ಧೆ ಕೆಲವೊಮ್ಮೆ ಅತಿರೇಕಕ್ಕೂ ಹೋಗುತ್ತದೆ. ನೆರೆಮನೆಗಳ ಯಂತ್ರಗಳಿಂದ ವಿದ್ಯುತ್ತು ಮಲಿನವಾಗಬಾರದೆಂದು ಸ್ವಂತ ಖರ್ಚಿನಲ್ಲಿ ಮನೆಯಂಗಳದಲ್ಲೇ ತಮ್ಮದೇ ವಿದ್ಯುತ್ ಕಂಬ ನೆಡಿಸಿಕೊಂಡ ರಸಿಕರ ಸುದ್ದಿ 2016ರಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಖಾಂತರ ಜಗತ್ತಿಗೆಲ್ಲ ಹರಡಿತು. ಕಂಬದಿಂದ ಸಂಗೀತ ಎಷ್ಟು ಸುಧಾರಿಸಿತೆಂಬುದು ಅವರವರ ಕಿವಿಗೆ ಬಿಟ್ಟದ್ದು.

ನಿಜವಾದ ಚಿಂತೆ ಬೇರೆ. ಕಿಸ್ಸಾಗಳು ಹುಟ್ಟಿದ್ದು ತಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ. 1982ರಲ್ಲಿ ಸಿ.ಡಿ. ಬಂತು, ಆಮೇಲೆ ಕಿವಿಯೊಳಗೆ ತೂರಿಸಿಕೊಳ್ಳುವ ಯಂತ್ರಗಳು ಬಂದವು. ಇಂದು ಜಗತ್ತಿನ ಸಂಗೀತವೆಲ್ಲ ಜೇಬಿನೊಳಗಿನ ಫೋನಿನಲ್ಲಿದೆ. ಮಾಲೀಕರಿಗೆ ವಯಸ್ಸಾಯಿತು, ಕಟ್ಟಡಗಳ ಜಾಗಕ್ಕೆ ಬೆಲೆ ಬಂತು, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಅವುಗಳನ್ನು ಅನುಕರಿಸುವ ಪಾನಗೃಹಗಳು ಎದ್ದಿವೆ. ಸ್ಪೀಕರುಗಳು ಅಲ್ಲಿಯೂ ದೊಡ್ಡವೇ. ಆದರೆ ಹರಟೆಯ ಹಿನ್ನೆಲೆಗೆ ನುಡಿಯುವ ಕಹಳೆ ಎಷ್ಟು ಒಳ್ಳೆಯದಾಗಿದ್ದರೇನು? ಮಾತು ನಿಲ್ಲಿಸಿ ಕೂರುವವರಿಲ್ಲದಿದ್ದರೆ ಅದು ಪೀಠೋಪಕರಣವಷ್ಟೆ.

ಯೊಕೊಹಾಮಾದ ಚಿಗುಸಾ ಅಂಗಡಿಗೂ ಆ ದಿನ ಬಂತು. ಯೊಷಿದಾ 1994ರಲ್ಲಿ ತೀರಿಕೊಂಡರು. 2007ರಲ್ಲಿ ಅಂಗಡಿ ಮುಚ್ಚಿತು. ಅಲ್ಲಿ ಕೂತು ಕಿವಿ ಪಳಗಿಸಿಕೊಂಡ ಹಳೆಯ ಗಿರಾಕಿಗಳು ಅದನ್ನು ಹಾಗೆಯೇ ಬಿಡಲಿಲ್ಲ. ಐದು ವರ್ಷದ ಬಳಿಕ, 2012ರಲ್ಲಿ, ಊರಿನ ಸಂಗೀತಪ್ರಿಯರು ಕೂಡಿ ನೊಗೆಯಲ್ಲೇ, ಹಳೆಯ ಜಾಗಕ್ಕೆ ಹತ್ತಿರದಲ್ಲಿ, ಅದನ್ನು ಮತ್ತೆ ತೆರೆದರು. ಒಂದು ಕಾಲಕ್ಕೆ ಒಂದೊಂದು ಕಾಫಿಯ ಹಣ ಕೊಟ್ಟು ಆ ಸ್ಪೀಕರುಗಳ ಖರ್ಚು ಹಂಚಿಕೊಂಡಿದ್ದ ಜನ, ಈ ಸಲ ಅಂಗಡಿಯ ಹೊಣೆಯನ್ನೇ ಹಂಚಿಕೊಂಡಿದ್ದರು.