ಎಲ್‌ಎಲ್‌ಬಿ ನಂತರ: ಕರಿ ಕೋಟಿನ ಹೊರಗೂ ದಾರಿಗಳಿವೆ

"ಮಗ ಲಾ ಮುಗಿಸಿದ್ದಾನೆ, ಆದರೆ ಕೋರ್ಟಿಗೆ ಹೋಗಲು ಮನಸ್ಸಿಲ್ಲವಂತೆ" ಎಂಬ ಮಾತು ನಮ್ಮ ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಅಷ್ಟು ವರ್ಷದ ಓದು ವ್ಯರ್ಥವಾಯಿತೇ ಎಂದು ಹಿರಿಯರಿಗೆ ಚಿಂತೆ. ವ್ಯರ್ಥವೇನೂ ಆಗುವುದಿಲ್ಲ. ಆದರೆ ನೌಕರಿಗೆ ಸೇರುವ ಮೊದಲು ಸನ್ನದಿನ ವಿಷಯ ತಿಳಿದಿರಬೇಕು.

ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ವಕೀಲರಾಗಿ ಇದ್ದುಕೊಂಡು ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದ ಕೂಡಲೇ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕು. ನೌಕರಿ ಬಿಟ್ಟ ಮೇಲೆ ಮತ್ತೆ ಚಾಲ್ತಿಗೆ ತರಲು ಅವಕಾಶವಿದೆ.

ಇದು ಬರೀ ಕಾಗದಪತ್ರದ ಮಾತಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ನೀಡಿತು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಇದಕ್ಕೆ ಸೇರುತ್ತದೆ. ಕಂಪನಿಯ ನೌಕರಿಯಲ್ಲಿ ಕಳೆದ ವರ್ಷಗಳು ಸೇರುವುದಿಲ್ಲ. ಹಾಗಾಗಿ ಮುಂದೆ ನ್ಯಾಯಾಧೀಶರಾಗುವ ಆಸೆ ಸ್ವಲ್ಪವಾದರೂ ಇದ್ದರೆ ಮೊದಲು ವಕೀಲಿ ಮಾಡಿ, ಆಮೇಲೆ ಬೇರೆ ದಾರಿ ನೋಡುವುದು ಲೇಸು. ಅರ್ಜಿ ಕರೆದಾಗ ಆಯಾ ವರ್ಷದ ಅಧಿಸೂಚನೆಯನ್ನು ತಪ್ಪದೆ ಓದಿ.

ನೌಕರಿಯೇ ಬೇಕೆನ್ನುವವರಿಗೆ ಸರ್ಕಾರಿ ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆ ಒಳ್ಳೆಯದು. ಐಬಿಪಿಎಸ್ ಇದಕ್ಕೆ ಪರೀಕ್ಷೆ ನಡೆಸುತ್ತದೆ. ವಯಸ್ಸು 20ರಿಂದ 30, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಇಲ್ಲೊಂದು ಸೂಕ್ಷ್ಮವಿದೆ: ಅರ್ಜಿ ಹಾಕಲು ವಕೀಲರಾಗಿ ನೋಂದಣಿ ಆಗಿರಲೇಬೇಕು. "ಕೋರ್ಟಿಗೆ ಹೋಗುವುದಿಲ್ಲ, ಸನ್ನದೇಕೆ?" ಎಂದು ಬಿಟ್ಟವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಕಂಪನಿ ಕಾರ್ಯದರ್ಶಿ, ಅಂದರೆ ಸಿಎಸ್, ಇನ್ನೊಂದು ದಾರಿ. ಪರೀಕ್ಷೆ ಕಷ್ಟ, ಸಮಯವೂ ಹಿಡಿಯುತ್ತದೆ. ಆದರೆ ಕಂಪನಿ ಕಾನೂನು, ತೆರಿಗೆ, ಒಪ್ಪಂದಗಳನ್ನು ಮೊದಲೇ ಓದಿದವರಿಗೆ ಅರ್ಧ ದಾರಿ ಪರಿಚಿತ. ಎರಡೂ ಪದವಿ ಇರುವವರಿಗೆ ಬೆಂಗಳೂರಿನ ಕಂಪನಿಗಳಲ್ಲಿ ಒಳ್ಳೆಯ ಬೇಡಿಕೆ.

ಅಂಗಡಿ, ವ್ಯಾಪಾರ ಇರುವ ಮನೆಗಳವರು ಗಮನಿಸಬೇಕಾದದ್ದು ಜಿಎಸ್‌ಟಿ ಪ್ರಾಕ್ಟೀಷನರ್ ನೋಂದಣಿ. ಕಾನೂನು ಪದವಿಯೂ ಇದಕ್ಕೆ ಅರ್ಹತೆಯೇ.  ಊರು ಬಿಡದೆ ಮಾಡಬಹುದಾದ ಕೆಲಸ.

ಸೇನೆಯ ಕಾನೂನು ವಿಭಾಗವಾದ ಜ್ಯಾಗ್‌ಗೆ 21ರಿಂದ 27 ವರ್ಷದ ಅವಿವಾಹಿತ ಯುವಕ ಯುವತಿಯರು ಅರ್ಜಿ ಹಾಕಬಹುದು. ಎಲ್‌ಎಲ್‌ಬಿಯಲ್ಲಿ ಕನಿಷ್ಠ 55 ಶೇಕಡಾ ಅಂಕ ಬೇಕು. ಪೇಟೆಂಟ್ ಏಜೆಂಟ್ ಆಗಲು ಮಾತ್ರ ಬರೀ ಕಾನೂನು ಪದವಿ ಸಾಲದು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿರಬೇಕು.

ವಕೀಲಿಯನ್ನೇ ಆರಿಸಿಕೊಂಡವರಿಗೆ ಮೊದಲ ವರ್ಷಗಳಲ್ಲಿ ಆದಾಯ ಕಡಿಮೆ. ಜೈನರು 2014ರ ಜನವರಿಯಿಂದ ರಾಷ್ಟ್ರಮಟ್ಟದಲ್ಲಿ ಅಧಿಸೂಚಿತ ಅಲ್ಪಸಂಖ್ಯಾತರು. ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ನೀಡುತ್ತದೆ. ಈ ಸಾಲಿನ ಷರತ್ತು ಮತ್ತು ಕೊನೆಯ ದಿನಾಂಕವನ್ನು ನಿಮ್ಮ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.